ದೂರದ ದೊರೆ, ಹತ್ತಿರದ ಭಯ: ಅಮೆರಿಕದ ಸ್ವಾತಂತ್ರ್ಯ ಬೇಡ ಎಂದವರು

1780ರ ಅಕ್ಟೋಬರ್ 7. ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನಾ ಸೇರುವ ಕಡೆ, ಕಿಂಗ್ಸ್ ಮೌಂಟನ್ ಎಂಬ ಕಾಡುಗುಡ್ಡದ ಮೇಲೆ ಒಂದು ಕಾಳಗ ನಡೆಯಿತು. ಎರಡೂ ಕಡೆ ಸೇರಿ ಸುಮಾರು ಎರಡು ಸಾವಿರ ಜನ. ಒಂದು ಕಡೆಯವರು ಇಂಗ್ಲೆಂಡಿನ ರಾಜ ಮೂರನೇ ಜಾರ್ಜ್ ಪರ. ಇನ್ನೊಂದು ಕಡೆಯವರು ಸ್ವಾತಂತ್ರ್ಯದ ಪರ. ರಾಜನ ಪರ ನಿಂತವರಲ್ಲಿ ಬ್ರಿಟನ್ನಿನ ಸೇನೆಯಿಂದ ಬಂದವನು ಒಬ್ಬನೇ, ಅವರ ನಾಯಕ ಮೇಜರ್ ಪ್ಯಾಟ್ರಿಕ್ ಫರ್ಗ್ಯುಸನ್. ಉಳಿದವರೆಲ್ಲ ಅಮೆರಿಕದ ಜನವೇ. ಸುಮಾರು ಒಂದು ಗಂಟೆಯಲ್ಲಿ ಎಲ್ಲ ಮುಗಿಯಿತು. ಫರ್ಗ್ಯುಸನ್ ಸತ್ತ, ರಾಜನ ಕಡೆಯವರು ಸೋತರು. ಒಂದು ವಾರದ ನಂತರ, ಸೆರೆಸಿಕ್ಕವರಲ್ಲಿ ಒಂಬತ್ತು ಜನರನ್ನು ಗೆದ್ದವರು ಮರಕ್ಕೆ ನೇಣು ಹಾಕಿದರು.

ಶಾಲೆಯಲ್ಲಿ ನಾವು ಓದಿದ ಕಥೆ ಹೀಗಿರಲಿಲ್ಲ, ಅಲ್ವಾ? ಒಂದು ಕಡೆ ಬ್ರಿಟಿಷರು, ಇನ್ನೊಂದು ಕಡೆ ಹದಿಮೂರು ವಸಾಹತುಗಳ ಅಮೆರಿಕನ್ನರು. ನಡುವೆ ಬಾಸ್ಟನ್ ಬಂದರಿನಲ್ಲಿ ಸಮುದ್ರಕ್ಕೆ ಸುರಿದ ಚಹಾ. ಅಷ್ಟೇ ನಮಗೆ ಗೊತ್ತಿದ್ದದ್ದು. 2026ರ ಜುಲೈ 4ಕ್ಕೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ. ಅಲ್ಲಿ ನೆಲೆಸಿದ ಸಾವಿರಾರು ಕನ್ನಡಿಗರ ಮಕ್ಕಳು ಆ ಘೋಷಣೆಯನ್ನು ತಮ್ಮ ದೇಶದ ಕಥೆಯೆಂದೇ ಓದುತ್ತಾರೆ. ಆ ಕಥೆಯಲ್ಲಿ ಅಂಚಿಗೆ ಸರಿದವರ ಬಗ್ಗೆ ಮಾತಾಡಲು ಇದೇ ಸರಿಯಾದ ಹೊತ್ತು ಎಂದು ನನಗನ್ನಿಸುತ್ತದೆ. ಸ್ವಾತಂತ್ರ್ಯ ಬೇಡ ಎಂದವರು, ರಾಜನ ಕಡೆ ಉಳಿದವರು. ಇತಿಹಾಸದಲ್ಲಿ ಅವರ ಹೆಸರು ಲಾಯಲಿಸ್ಟ್, ಅಂದರೆ ರಾಜನಿಷ್ಠರು. ಎದುರಾಳಿಗಳು ಅವರನ್ನು ಟೋರಿ ಎಂದು ಬೈಯುತ್ತಿದ್ದರು.

ಇವರು ಎಷ್ಟು ಜನ ಇದ್ದರು? 'ಮೂರರಲ್ಲಿ ಒಬ್ಬ' ಎಂಬ ಲೆಕ್ಕ ಎಲ್ಲ ಕಡೆ ಓಡಾಡುತ್ತದೆ. ಅಮೆರಿಕದ ಎರಡನೇ ಅಧ್ಯಕ್ಷರಾಗಿದ್ದ ಜಾನ್ ಆಡಮ್ಸ್ 1815ರಲ್ಲಿ ಬರೆದ ಒಂದು ಕಾಗದವನ್ನು ಅದಕ್ಕೆ ಆಧಾರವಾಗಿ ತೋರಿಸುತ್ತಾರೆ. ಆದರೆ ಆ ಸಾಲಿನಲ್ಲಿ ಆಡಮ್ಸ್ ಹೇಳುತ್ತಿದ್ದದ್ದು ಫ್ರೆಂಚ್ ಕ್ರಾಂತಿಯ ಬಗ್ಗೆ ಅಮೆರಿಕನ್ನರಿಗಿದ್ದ ಅಭಿಪ್ರಾಯದ ಮಾತು. ಇತಿಹಾಸಕಾರರು ಈಗ ಸಾಮಾನ್ಯವಾಗಿ ಒಪ್ಪುವ ಅಂದಾಜು, ಬಿಳಿಯರಲ್ಲಿ ಶೇ 15ರಿಂದ 20. ಅಂದರೆ ಐದಾರು ಜನರಲ್ಲಿ ಒಬ್ಬ. ಸಣ್ಣ ಸಂಖ್ಯೆಯೇನಲ್ಲ. ಪ್ರತಿ ಬೀದಿಯಲ್ಲೂ ಒಂದೆರಡು ಮನೆ ಇದ್ದ ಹಾಗೆ.

ಇವರು ರಾಜನ ಬಾಲಬಡುಕರು, ತೆರಿಗೆಯನ್ನು ಖುಷಿಯಿಂದ ಒಪ್ಪಿಕೊಂಡವರು ಎಂದುಕೊಂಡರೆ ತಪ್ಪಾಗುತ್ತದೆ. ಮ್ಯಾಸಚೂಸೆಟ್ಸ್‌ನ ಥಾಮಸ್ ಹಚಿನ್ಸನ್ ಅವರನ್ನೇ ನೋಡಿ. ಬಾಸ್ಟನ್‌ನಲ್ಲೇ ಹುಟ್ಟಿದವರು. ಅವರ ವಂಶ ನಾಲ್ಕೈದು ತಲೆಮಾರಿನಿಂದ ಅಲ್ಲೇ ಬೇರುಬಿಟ್ಟಿತ್ತು. 1765ರಲ್ಲಿ ಬ್ರಿಟನ್ ವಸಾಹತುಗಳ ಕಾಗದಪತ್ರಗಳ ಮೇಲೆ ಹಾಕಿದ ಸ್ಟಾಂಪ್ ತೆರಿಗೆ ಸರಿಯಲ್ಲ ಎಂದು ಒಳಗಿಂದೊಳಗೆ ವಾದ ಮಾಡಿದವರು. ಆದರೆ ಕಾನೂನು ಬಂದ ಮೇಲೆ ಅದನ್ನು ಪಾಲಿಸಬೇಕು ಎಂದರು. ಅಷ್ಟಕ್ಕೇ ಆ ವರ್ಷ ಆಗಸ್ಟ್ 26ರ ರಾತ್ರಿ ಒಂದು ಗುಂಪು ಅವರ ಮನೆಗೆ ನುಗ್ಗಿತು. ಗೋಡೆ, ಬಾಗಿಲು, ಪೀಠೋಪಕರಣ ಒಂದನ್ನೂ ಬಿಡಲಿಲ್ಲ. ಅವರು ವರ್ಷಗಟ್ಟಲೆ ಕೂತು ಬರೆದಿದ್ದ ಹಸ್ತಪ್ರತಿ ಬೀದಿಯ ಕೆಸರಿಗೆ ಬಿತ್ತು. ಮುಂದೆ ಗವರ್ನರ್ ಆದರು, 1774ರಲ್ಲಿ ಇಂಗ್ಲೆಂಡಿಗೆ ಹೋದರು. ಲಂಡನ್‌ನಲ್ಲಿ ಕೂತು ಕೊನೆಯವರೆಗೂ ಮ್ಯಾಸಚೂಸೆಟ್ಸ್‌ನ ತಮ್ಮ ಹಳ್ಳಿಮನೆಗಾಗಿ ಹಂಬಲಿಸಿದರು. 1780ರಲ್ಲಿ ಅಲ್ಲೇ ತೀರಿಕೊಂಡರು. ಈ ಮನುಷ್ಯನಿಗೆ ತನ್ನ ಊರಿನ ಮೇಲೆ ಪ್ರೀತಿ ಇರಲಿಲ್ಲ ಎಂದು ಹೇಗೆ ಹೇಳುವುದು?

ಪೆನ್ಸಿಲ್ವೇನಿಯಾದ ಜೋಸೆಫ್ ಗ್ಯಾಲೋವೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. 1774ರ ಸೆಪ್ಟೆಂಬರ್ 28ರಂದು, ವಸಾಹತುಗಳ ಮೊದಲ ಕಾಂಗ್ರೆಸ್ ಸಭೆಯಲ್ಲಿ, ಅವರು ಒಂದು ಯೋಜನೆ ಮುಂದಿಟ್ಟರು. ಅಮೆರಿಕಕ್ಕೆ ತನ್ನದೇ ಶಾಸನಸಭೆ ಇರಲಿ. ಬ್ರಿಟನ್ನಿನ ಪಾರ್ಲಿಮೆಂಟ್ ಮತ್ತು ಈ ಸಭೆ, ಎರಡೂ ಒಪ್ಪಿದರೆ ಮಾತ್ರ ವಸಾಹತುಗಳಿಗೆ ಸಂಬಂಧಿಸಿದ ಕಾನೂನು ಜಾರಿಗೆ ಬರಲಿ. ಮೇಲೆ ರಾಜ ನೇಮಿಸಿದ ಒಬ್ಬ ಅಧ್ಯಕ್ಷ ಇರಲಿ. ಐದು ವಸಾಹತುಗಳು ಚರ್ಚೆ ಮುಂದುವರಿಯಲಿ ಎಂದವು, ಆರು ವಸಾಹತುಗಳು ಬೇಡ ಎಂದವು. ಒಂದೇ ಒಂದು ಮತದ ಅಂತರ. ಆಮೇಲೆ ಆ ಪ್ರಸ್ತಾಪವನ್ನು ಸಭೆಯ ದಾಖಲೆಯಿಂದಲೇ ತೆಗೆದುಹಾಕಿದರು. ಆ ಒಂದು ಮತ ಅತ್ತಿತ್ತ ಆಗಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಆದರೆ 1774ರಲ್ಲಿ 'ಪೂರ್ತಿ ಬೇರೆಯಾಗೋಣ' ಎಂಬುದು ಎಲ್ಲರ ಬಾಯಲ್ಲಿದ್ದ ಮಾತಲ್ಲ ಎಂಬುದಂತೂ ಇದರಿಂದ ಗೊತ್ತಾಗುತ್ತದೆ.

ಗೆರೆ ಎಷ್ಟು ತೆಳುವಾಗಿತ್ತು ಎಂದು ತಿಳಿಯಲು ಜಾನ್ ಡಿಕಿನ್ಸನ್ ಅವರ ಕಥೆ ಸಾಕು. ಬ್ರಿಟಿಷ್ ತೆರಿಗೆಗಳ ವಿರುದ್ಧ ಇವರಷ್ಟು ಚೆನ್ನಾಗಿ ಬರೆದವರು ಆಗ ಕಡಿಮೆ. ಆದರೂ ಸ್ವಾತಂತ್ರ್ಯಕ್ಕೆ ಇನ್ನೂ ಕಾಲ ಕೂಡಿಬಂದಿಲ್ಲ ಎಂದು ವಾದಿಸಿದರು. 1776ರ ಜುಲೈ 2ರಂದು ಮತ ಹಾಕುವ ಹೊತ್ತಿಗೆ ಬೇಕಂತಲೇ ದೂರ ಉಳಿದರು. ಅವರು ಹೊರಗುಳಿದಿದ್ದರಿಂದಲೇ ಪೆನ್ಸಿಲ್ವೇನಿಯಾ ಹೌದು ಎನ್ನಲು ಆಯಿತು. ಘೋಷಣೆಗೆ ಸಹಿ ಹಾಕಲಿಲ್ಲ. ಆದರೆ ನಿರ್ಧಾರ ಆದ ಮೇಲೆ ಬಂಡಾಯದ ಪಡೆಯ ಜೊತೆ ಹೊರಟರು. ಒಂದು ಹೆಜ್ಜೆ ಆ ಕಡೆ ಇಟ್ಟಿದ್ದರೆ ಅವರೂ ದ್ರೋಹಿಗಳ ಪಟ್ಟಿಯಲ್ಲಿ ಇರುತ್ತಿದ್ದರು.

ಹಾಗಾದರೆ ಇವರನ್ನು ಹಿಡಿದು ನಿಲ್ಲಿಸಿದ್ದು ಏನು?

ಒಂದು ಮಾತು ಲೆಕ್ಕಾಚಾರದ್ದು. ಫ್ರಾನ್ಸ್ ಜೊತೆಗಿನ ಯುದ್ಧ 1763ರಲ್ಲಿ ಮುಗಿದಾಗ ಬ್ರಿಟನ್ನಿನ ಸಾಲ ಹೆಚ್ಚುಕಡಿಮೆ ದುಪ್ಪಟ್ಟಾಗಿತ್ತು. ಆ ಯುದ್ಧದಲ್ಲಿ ಫ್ರೆಂಚರನ್ನು ಕೆನಡಾದಿಂದ ಓಡಿಸಿದ್ದರಿಂದ ಎಲ್ಲರಿಗಿಂತ ಜಾಸ್ತಿ ಲಾಭ ಆದದ್ದು ಅಮೆರಿಕದ ವಸಾಹತುಗಳಿಗೇ. ಈಗ ಖರ್ಚಿನಲ್ಲಿ ಒಂದು ಪಾಲು ಕೊಡಿ ಎಂದರೆ ಮುಖ ತಿರುಗಿಸುವುದು ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದ ಹಾಗೆ ಎಂದು ರಾಜನಿಷ್ಠರು ಭಾವಿಸಿದರು. ಜೊತೆಗೆ ವ್ಯಾಪಾರ. ಬ್ರಿಟನ್ನಿನ ನೌಕಾಪಡೆಯ ನೆರಳಿನಲ್ಲಿ ಹಡಗು ಕಳಿಸುತ್ತಿದ್ದ ವ್ಯಾಪಾರಿಗೆ ಆ ನೆರಳು ಬಿಟ್ಟು ಹೋಗುವುದು ಹುಚ್ಚುತನ ಅನ್ನಿಸಿದ್ದರಲ್ಲಿ ಆಶ್ಚರ್ಯ ಇಲ್ಲ.

ಆದರೆ ಬರೀ ಲೆಕ್ಕಾಚಾರಕ್ಕೆ ಜನ ಮನೆಮಠ ಕಳೆದುಕೊಳ್ಳುವುದಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ. ರಾಜನಿಷ್ಠರಲ್ಲಿ ಬಹಳ ಜನರಿಗೆ ರಾಜನ ಮೇಲೆ ಇದ್ದ ಪ್ರೀತಿಗಿಂತ ಪಕ್ಕದ ಮನೆಯವನ ಮೇಲೆ ಇದ್ದ ಭಯ ದೊಡ್ಡದು. ಅವರು ತಮ್ಮನ್ನು ತಾವು ಕೇಳಿಕೊಂಡ ಪ್ರಶ್ನೆ: ರಾಜ ಹೋದರೆ ನಾಳೆ ನಮ್ಮ ಊರಿನಲ್ಲಿ ಅಧಿಕಾರ ಯಾರ ಕೈಗೆ ಹೋಗುತ್ತದೆ? ಆ ಕೈ ನಮ್ಮನ್ನು ಏನು ಮಾಡುತ್ತದೆ?

ಈ ಪ್ರಶ್ನೆ ಹಿಡಿದುಕೊಂಡು ಹೋದರೆ ಬಿಡಿಸಲಾಗದ ಗಂಟುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ.

ಧರ್ಮದ ವಿಷಯ ತೆಗೆದುಕೊಳ್ಳಿ. ಇಂಗ್ಲೆಂಡಿನ ಅಧಿಕೃತ ಚರ್ಚಿಗೆ, ಅಂದರೆ ಆಂಗ್ಲಿಕನ್ ಚರ್ಚಿಗೆ, ಸೇರಿದವರೆಲ್ಲ ರಾಜನ ಪರ ಇದ್ದಿರಬೇಕು ಅನ್ನಿಸುತ್ತದೆ. ಆದರೆ ವರ್ಜೀನಿಯಾದಲ್ಲಿ ಆಂಗ್ಲಿಕನ್ನರೇ ಬಂಡಾಯದ ಮುಂದಾಳುಗಳು. ಜಾರ್ಜ್ ವಾಷಿಂಗ್ಟನ್ ಕೂಡ ಅದೇ ಚರ್ಚಿನವರು. ಕನೆಕ್ಟಿಕಟ್‌ಗೆ ಬಂದರೆ ಅದೇ ಚರ್ಚಿನವರು ರಾಜನಿಷ್ಠರು. ವ್ಯತ್ಯಾಸ ಎಲ್ಲಿದೆ? ವರ್ಜೀನಿಯಾದಲ್ಲಿ ಅಧಿಕಾರ ಆಂಗ್ಲಿಕನ್ನರ ಕೈಯಲ್ಲೇ ಇತ್ತು, ರಾಜನ ರಕ್ಷಣೆ ಬೇಕಿರಲಿಲ್ಲ. ಕನೆಕ್ಟಿಕಟ್‌ನಲ್ಲಿ ಅವರು ಅಲ್ಪಸಂಖ್ಯಾತರು, ಸುತ್ತಲಿನವರು ಆ ಚರ್ಚಿನ ರೀತಿಯನ್ನು ಒಪ್ಪದ ಪ್ಯೂರಿಟನ್ ಪರಂಪರೆಯವರು. ಲಂಡನ್ನಿನ ಕೈ ಹೋದರೆ ತಮಗೆ ದಿಕ್ಕಿಲ್ಲ ಎಂದು ಅವರಿಗೆ ಅನ್ನಿಸಿತು.

ಜಮೀನಿನ ವಿಷಯದಲ್ಲೂ ಇದೇ. ನ್ಯೂಯಾರ್ಕ್‌ನ ಹಡ್ಸನ್ ನದಿಯ ದಂಡೆಯಲ್ಲಿ ದೊಡ್ಡ ದೊಡ್ಡ ಜಮೀನ್ದಾರರಿದ್ದರು, ಅವರ ಕೈಕೆಳಗೆ ಗೇಣಿದಾರರು. ಲಿವಿಂಗ್ಸ್ಟನ್ ಮನೆತನ ಬಂಡಾಯದ ಪರ ನಿಂತಿತು. ಅವರ ಗೇಣಿದಾರರು 1777ರಲ್ಲಿ ರಾಜನ ಹೆಸರು ಹೇಳಿ ದಂಗೆ ಎದ್ದರು. ರಾಜ ಗೆದ್ದರೆ ಉಳುವ ಭೂಮಿ ತಮ್ಮದಾದೀತು ಎಂಬ ಆಸೆ. ಅದೇ ನದಿಯ ಕೆಳಗಡೆ ಫಿಲಿಪ್ಸ್ ಎಂಬ ಜಮೀನ್ದಾರ ರಾಜನಿಷ್ಠ. ಅವನ ಗೇಣಿದಾರರಲ್ಲಿ ಬಹಳ ಜನ ಬಂಡಾಯದ ಕಡೆ. ಗೇಣಿ ಕಟ್ಟುವವನಿಗೆ ರಾಜ ಜಾರ್ಜ್ ಯಾರೋ, ಕಾಂಗ್ರೆಸ್ ಯಾರೋ. ಭೂಮಿಯ ಒಡೆಯ ಯಾವ ಕಡೆ ಇದ್ದಾನೆ ಎಂಬುದಷ್ಟೇ ಮುಖ್ಯ. ಗೇಣಿ ಪದ್ಧತಿ ಕಂಡ ನಮ್ಮ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸ್ಕಾಟ್ಲೆಂಡಿನ ಗುಡ್ಡಗಾಡಿನಿಂದ ಉತ್ತರ ಕೆರೊಲಿನಾಕ್ಕೆ ಬಂದಿದ್ದವರದ್ದು ಇನ್ನೂ ವಿಚಿತ್ರ. 1746ರಲ್ಲಿ ಅವರ ಜನ ಇಂಗ್ಲೆಂಡಿನ ರಾಜನ ವಿರುದ್ಧವೇ ಬಂಡೆದ್ದು ಕಲ್ಲೊಡೆನ್‌ನಲ್ಲಿ ಸೋತಿದ್ದರು. ಆ ಬಂಡಾಯ ನಡೆಸಿ ಸೋತ ಯುವರಾಜನನ್ನು ಬಚ್ಚಿಟ್ಟು ಪಾರುಮಾಡಿದ ಫ್ಲೋರಾ ಮ್ಯಾಕ್‌ಡೊನಾಲ್ಡ್ ಕೂಡ 1774ರಲ್ಲಿ ಗಂಡನ ಜೊತೆ ಅಮೆರಿಕಕ್ಕೆ ಬಂದಿದ್ದರು. 1776ರ ಫೆಬ್ರವರಿಯಲ್ಲಿ ಮೂರ್ಸ್ ಕ್ರೀಕ್ ಸೇತುವೆಯ ಬಳಿ ಇದೇ ಜನ ರಾಜನ ಪರ ಕತ್ತಿ ಹಿಡಿದು ಸೋತರು. ಫ್ಲೋರಾ ಅವರ ಗಂಡ ಸೆರೆಯಾದರು. ಬಂಡಾಯ ಸೋತರೆ ಮನೆಗಳು ಹೇಗೆ ಉರಿಯುತ್ತವೆ ಎಂದು ಕಣ್ಣಾರೆ ಕಂಡಿದ್ದವರು ಅವರು. ಇನ್ನೊಂದು ಸಲ ಸೋಲುವ ಕಡೆ ನಿಲ್ಲಬಾರದು ಎಂದುಕೊಂಡಿರಬೇಕು. ಪಾಪ, ಮತ್ತೆ ಸೋಲುವ ಕಡೆಯೇ ನಿಂತರು.

ನೆರೆಯವರ ಭಯ ಸುಮ್ನೆ ಕಲ್ಪನೆಯಾಗಿರಲಿಲ್ಲ. ಊರೂರಿನಲ್ಲಿ ಬಂಡಾಯದ ಸಮಿತಿಗಳು ಹುಟ್ಟಿಕೊಂಡವು. ಯಾರು ಚಹಾ ಕುಡಿದರು, ಯಾರು ಬ್ರಿಟಿಷ್ ಮಾಲು ಮಾರಿದರು, ಯಾರು ಏನು ಮಾತಾಡಿದರು ಎಂದು ವಿಚಾರಣೆ ಮಾಡಿದವು. ಪ್ರಮಾಣ ಮಾಡಿ ಸಹಿ ಹಾಕು, ಇಲ್ಲವಾದರೆ ಶತ್ರು. ಕೆಲವರನ್ನು ಬೆತ್ತಲೆ ಮಾಡಿ, ಮೈಗೆ ಬಿಸಿ ಟಾರ್ ಬಳಿದು, ಪುಕ್ಕ ಅಂಟಿಸಿ ಮೆರವಣಿಗೆ ಮಾಡಿದರು. 1775ರ ಆಗಸ್ಟ್‌ನಲ್ಲಿ ಜಾರ್ಜಿಯಾದ ಆಗಸ್ಟಾದ ಹತ್ತಿರ ಥಾಮಸ್ ಬ್ರೌನ್ ಎಂಬ ಯುವಕ ಸಹಿ ಹಾಕುವುದಿಲ್ಲ ಎಂದ. ಗುಂಪು ಅವನ ತಲೆಗೆ ಹೊಡೆದು, ಕಾಲಿಗೆ ಬೆಂಕಿ ಇಟ್ಟಿತು. ಕಾಲ್ಬೆರಳುಗಳನ್ನು ಕಳೆದುಕೊಂಡ ಬ್ರೌನ್ ಮುಂದೆ ರಾಜನ ಪಡೆ ಕಟ್ಟಿಕೊಂಡು ವರ್ಷಗಟ್ಟಲೆ ಕಾಡಿದ. ಹೀಗೆ ಎಷ್ಟೋ ಜನರನ್ನು ರಾಜನಿಷ್ಠರನ್ನಾಗಿ ಮಾಡಿದ್ದೇ ಅವರ ಮೇಲೆ ಬಿದ್ದ ಗುಂಪು. ಬಾಸ್ಟನ್ನಿನ ಪಾದ್ರಿ ಮ್ಯಾಥರ್ ಬೈಲ್ಸ್ ಆಡಿದರು ಎನ್ನಲಾದ ಒಂದು ಮಾತಿದೆ. ಮೂರು ಸಾವಿರ ಮೈಲಿ ದೂರದ ಒಬ್ಬ ಕ್ರೂರಿ ವಾಸಿಯೋ, ಒಂದು ಮೈಲಿಯೊಳಗಿನ ಮೂರು ಸಾವಿರ ಕ್ರೂರಿಗಳು ವಾಸಿಯೋ ಎಂದು.

ಇಲ್ಲಿಯವರೆಗೆ ಬಿಳಿಯರ ಮಾತಾಯಿತು. ಆದರೆ ಅಂದಿನ ಹದಿಮೂರು ವಸಾಹತುಗಳ ಸುಮಾರು 25 ಲಕ್ಷ ಜನರಲ್ಲಿ ಹೆಚ್ಚುಕಡಿಮೆ 5 ಲಕ್ಷ ಜನ ಗುಲಾಮರು. 'ಎಲ್ಲ ಮನುಷ್ಯರೂ ಸಮಾನರು' ಎಂದು ಬರೆದ ಥಾಮಸ್ ಜೆಫರ್ಸನ್ ಅವರ ತೋಟದಲ್ಲೂ ಗುಲಾಮರೇ ದುಡಿಯುತ್ತಿದ್ದರು. 1775ರ ನವೆಂಬರ್ 7ರಂದು ವರ್ಜೀನಿಯಾದ ಬ್ರಿಟಿಷ್ ಗವರ್ನರ್ ಲಾರ್ಡ್ ಡನ್ಮೋರ್ ಒಂದು ಪ್ರಕಟಣೆಗೆ ಸಹಿ ಹಾಕಿದ. ಬಂಡಾಯಗಾರರ ಗುಲಾಮರು ಓಡಿಬಂದು ರಾಜನ ಪಡೆ ಸೇರಿದರೆ ಅವರಿಗೆ ಬಿಡುಗಡೆ. ಡನ್ಮೋರ್ ಒಳ್ಳೆಯ ಮನಸ್ಸಿನಿಂದ ಮಾಡಿದ್ದೇನಲ್ಲ. ಅವನೂ ಗುಲಾಮರ ಒಡೆಯ, ರಾಜನಿಷ್ಠರ ಗುಲಾಮರಿಗೆ ಈ ಮಾತು ಅನ್ವಯಿಸುತ್ತಲೂ ಇರಲಿಲ್ಲ. ಆದರೂ ನೂರಾರು ಜನ ರಾತ್ರೋರಾತ್ರಿ ಓಡಿಬಂದರು. ಬಹಳ ಜನ ಸಿಡುಬಿಗೆ ಬಲಿಯಾದರು. ಯುದ್ಧ ಮುಗಿಯುವಷ್ಟರಲ್ಲಿ ಹೀಗೆ ಓಡಿಬಂದವರು ಸಾವಿರಗಟ್ಟಲೆ. ಇವರ ಪಾಲಿಗೆ ಯಾರು ದಬ್ಬಾಳಿಕೆಗಾರ, ಯಾರು ಬಿಡುಗಡೆ ಕೊಡುವವನು? ಇವರನ್ನು 'ಸ್ವಾತಂತ್ರ್ಯ ವಿರೋಧಿ' ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಡನ್ಮೋರ್ ಪ್ರಕಟಣೆ ಕೇಳಿ ದಕ್ಷಿಣದ ತೋಟಗಳ ಒಡೆಯರು ಬೆಚ್ಚಿಬಿದ್ದರು. ಅಲ್ಲಿಯವರೆಗೆ ಹಿಂದೆಮುಂದೆ ನೋಡುತ್ತಿದ್ದ ಎಷ್ಟೋ ಬಿಳಿಯರು ಆಗಲೇ ಬಂಡಾಯಕ್ಕೆ ಸೇರಿದ್ದು. ಅತ್ತ ಕೆರಿಬಿಯನ್ ದ್ವೀಪಗಳಲ್ಲಿ ಲೆಕ್ಕ ಉಲ್ಟಾ. ಜಮೈಕಾದಂಥ ಕಡೆ ಗುಲಾಮರ ಸಂಖ್ಯೆ ಬಿಳಿಯರಿಗಿಂತ ಎಷ್ಟೋ ಪಟ್ಟು ಜಾಸ್ತಿ. ಗುಲಾಮರು ದಂಗೆ ಎದ್ದರೆ ಬ್ರಿಟಿಷ್ ಸೇನೆ ಬೇಕು, ಸಕ್ಕರೆ ಮಾರಲು ಬ್ರಿಟಿಷ್ ಮಾರುಕಟ್ಟೆ ಬೇಕು. ಹಾಗಾಗಿ ಆ ದ್ವೀಪಗಳು ಬಂಡಾಯದ ಹತ್ತಿರಕ್ಕೂ ಬರಲಿಲ್ಲ.

ಮೂಲನಿವಾಸಿಗಳ ಲೆಕ್ಕ ನೇರವಾಗಿತ್ತು. 1763ರಲ್ಲಿ ರಾಜ ಒಂದು ಆಜ್ಞೆ ಹೊರಡಿಸಿ, ಅಪಲೇಚಿಯನ್ ಬೆಟ್ಟಸಾಲಿನ ಪಶ್ಚಿಮಕ್ಕೆ ಬಿಳಿಯರು ನೆಲೆಸಬಾರದು ಎಂದಿದ್ದ. ವಲಸೆಗಾರರಿಗೆ ಅದು ದಬ್ಬಾಳಿಕೆ, ಮೂಲನಿವಾಸಿಗಳಿಗೆ ಅದೇ ಬೇಲಿ. ಮೊಹಾಕ್ ಜನರ ನಾಯಕ ಜೋಸೆಫ್ ಬ್ರಾಂಟ್ ರಾಜನ ಕಡೆ ನಿಂತರು. ಮೊಹಾಕ್ ಸೇರಿದಂತೆ ಆರು ಬುಡಕಟ್ಟುಗಳ ಇರೊಕ್ವಾ ಒಕ್ಕೂಟವೇ ಇಬ್ಭಾಗವಾಯಿತು. ಒನೈಡಾ ಮತ್ತು ಟಸ್ಕರೋರಾ ಜನರಲ್ಲಿ ಬಹಳ ಮಂದಿ ಅಮೆರಿಕನ್ನರ ಜೊತೆ ಹೋದರು. 1779ರಲ್ಲಿ ವಾಷಿಂಗ್ಟನ್ ಕಳಿಸಿದ ಸಲಿವನ್ ಎಂಬ ದಂಡನಾಯಕನ ಸೈನ್ಯ ಇರೊಕ್ವಾಗಳ ನಲವತ್ತಕ್ಕೂ ಹೆಚ್ಚು ಊರುಗಳನ್ನು, ಕೊಯ್ಲಿಗೆ ಬಂದಿದ್ದ ಮೆಕ್ಕೆಜೋಳವನ್ನು ಸುಟ್ಟುಹಾಕಿತು. ಕೊನೆಗೆ 1783ರ ಪ್ಯಾರಿಸ್ ಒಪ್ಪಂದದಲ್ಲಿ ಬ್ರಿಟನ್ ಈ ಜನರ ಭೂಮಿಯನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅವರ ಹೆಸರನ್ನೂ ಆ ಕಾಗದದಲ್ಲಿ ಎತ್ತಲಿಲ್ಲ.

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ದೇವರೂ ಕೊಡಲಿಲ್ಲ. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಶರಣಾದ. ಶರಣಾಗತಿಯ ಹತ್ತನೆಯ ಷರತ್ತಿನಲ್ಲಿ, ತನ್ನ ಜೊತೆ ಸೇರಿದ ಅಮೆರಿಕನ್ನರಿಗೆ ಶಿಕ್ಷೆ ಕೊಡಬಾರದು ಎಂದು ಕೇಳಿದ. ವಾಷಿಂಗ್ಟನ್ ಒಪ್ಪಲಿಲ್ಲ. ತಪಾಸಣೆ ಇಲ್ಲದೆ ಒಂದು ಹಡಗು ಹೋಗಲು ಮಾತ್ರ ಬಿಟ್ಟರು. ಆ ಹಡಗಿನಲ್ಲಿ ಜಾಗ ಸಿಕ್ಕವರು ಬದುಕಿಕೊಂಡರು. ಅದಕ್ಕೂ ಮೊದಲು, ಮುತ್ತಿಗೆಯ ದಿನಗಳಲ್ಲಿ ಆಹಾರ ಸಾಲದೆ ಬಂದಾಗ, ತನ್ನನ್ನು ನಂಬಿ ಬಂದಿದ್ದ ಸಿಡುಬು ಹತ್ತಿದ ಕರಿಯರನ್ನು ಕಾರ್ನ್‌ವಾಲಿಸ್ ಸೇನೆ ಹೊರಗೆ ದೂಡಿತ್ತು. ಈ ಕಾರ್ನ್‌ವಾಲಿಸ್ ಯಾರು ಎಂದು ನಮಗೆ ಗೊತ್ತು. ಹತ್ತು ವರ್ಷದೊಳಗೆ, 1791ರ ಮಾರ್ಚ್‌ನಲ್ಲಿ, ಬೆಂಗಳೂರು ಕೋಟೆ ಹಿಡಿದದ್ದು, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡದ್ದು ಇದೇ ಮನುಷ್ಯ. ಬ್ರಿಟಿಷರ ವಿರುದ್ಧ ಹೈದರಾಲಿ ಹೋರಾಡುತ್ತಿದ್ದ ಸುದ್ದಿ ಕೇಳಿ ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ 'ಹೈದರ್ ಅಲಿ' ಎಂದೇ ಹೆಸರಿಟ್ಟಿದ್ದರು. 1782ರಲ್ಲಿ ಅದು ಒಂದು ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಫಿಲಡೆಲ್ಫಿಯಾದ ಬಂಡಾಯಗಾರರಿಗೂ ಶ್ರೀರಂಗಪಟ್ಟಣಕ್ಕೂ ಶತ್ರು ಒಬ್ಬನೇ ಆಗಿದ್ದ.

ಮನೆಗಳೊಳಗೆ ಆದದ್ದು ಇನ್ನೂ ನೋವಿನ ಕಥೆ. ಬೆಂಜಮಿನ್ ಫ್ರ್ಯಾಂಕ್ಲಿನ್ ಅವರ ಮಗ ವಿಲಿಯಂ, ನ್ಯೂಜೆರ್ಸಿಯ ಗವರ್ನರ್, ರಾಜನಿಷ್ಠ. ಅಪ್ಪ ಘೋಷಣೆಗೆ ಸಹಿ ಹಾಕಿದ ವರ್ಷವೇ ಮಗ ಸೆರೆಯಾದ. ಸಾಯುತ್ತಿದ್ದ ಹೆಂಡತಿಯನ್ನು ನೋಡಲು ಬಿಡಿ ಎಂದು ಕೇಳಿಕೊಂಡ, ಬಿಡಲಿಲ್ಲ. ಅಪ್ಪ ಮಗ ಕೊನೆಯ ಸಲ ಸಿಕ್ಕಿದ್ದು 1785ರಲ್ಲಿ, ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ. ಅಲ್ಲಿ ನಡೆದದ್ದು ಹೆಚ್ಚಾಗಿ ಆಸ್ತಿ ಸಾಲದ ಲೆಕ್ಕ.

ಗ್ಯಾಲೋವೆ ಅವರ ಹೆಂಡತಿ ಗ್ರೇಸ್ ಅವರನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಗಂಡ ಮಗಳನ್ನು ಕರೆದುಕೊಂಡು ಬ್ರಿಟಿಷರ ಜೊತೆ ಹೊರಟರು. ಗ್ರೇಸ್ ಮಾತ್ರ ಫಿಲಡೆಲ್ಫಿಯಾದಲ್ಲೇ ಉಳಿದರು. ಏಕೆಂದರೆ ಆಸ್ತಿಯಲ್ಲಿ ದೊಡ್ಡ ಪಾಲು ಅವರ ತವರಿನಿಂದ ಬಂದದ್ದು, ಅದನ್ನು ಮಗಳಿಗೆ ಉಳಿಸಬೇಕಿತ್ತು. ಆದರೆ ಅಂದಿನ ಕಾನೂನಿನಲ್ಲಿ ಹೆಂಡತಿಯ ಆಸ್ತಿಯ ಮೇಲೆ ಅಧಿಕಾರ ಗಂಡನದು, ಗಂಡ ದ್ರೋಹಿ. 1778ರಲ್ಲಿ ಅವರನ್ನು ಮನೆಯಿಂದ ಹೊರಗೆ ಹಾಕಿದರು. ಮತ್ತೆ ಮಗಳ ಮುಖ ನೋಡದೆ 1782ರಲ್ಲಿ ತೀರಿಕೊಂಡರು. ಅವರನ್ನು ಯಾರೂ ಯಾವ ಕಡೆ ಎಂದು ಕೇಳಿರಲೇ ಇಲ್ಲ.

ಯುದ್ಧ ಮುಗಿದ ಮೇಲೆ ಸುಮಾರು 60,000 ರಾಜನಿಷ್ಠರು ದೇಶ ಬಿಟ್ಟರು. ಅರ್ಧದಷ್ಟು ಜನ ನೋವಾ ಸ್ಕೋಷಿಯಾದ ಕಡೆ ಹೋದರು. ಅವರಿಗಾಗಿಯೇ 1784ರಲ್ಲಿ ನ್ಯೂ ಬ್ರನ್ಸ್‌ವಿಕ್ ಎಂಬ ಹೊಸ ಪ್ರಾಂತ ಹುಟ್ಟಿತು. ಇಂದಿನ ಇಂಗ್ಲಿಷ್ ಕೆನಡಾದ ಅಡಿಪಾಯದಲ್ಲಿ ಇವರ ಪಾಲು ದೊಡ್ಡದು. ಹೋಗುವಾಗ ಬಿಳಿಯರು ಸುಮಾರು 15,000 ಗುಲಾಮರನ್ನೂ ಎಳೆದೊಯ್ದರು ಎಂಬುದನ್ನು ಮರೆಯಬಾರದು. ಕಳೆದುಕೊಂಡ ಆಸ್ತಿಗೆ ಬ್ರಿಟನ್ ಸುಮಾರು 30 ಲಕ್ಷ ಪೌಂಡ್ ಪರಿಹಾರ ಕೊಟ್ಟಿತು. ಅದರಲ್ಲಿ ಕರಿಯರಿಗೆ ಸಿಕ್ಕಿದ್ದು ಏನೂ ಇಲ್ಲ ಎನ್ನುವಷ್ಟು ಕಡಿಮೆ. ಆದರೆ ರಾಜನಿಷ್ಠರಲ್ಲಿ ಹೆಚ್ಚಿನವರು ಎಲ್ಲಿಗೂ ಹೋಗಲಿಲ್ಲ. ತಲೆ ತಗ್ಗಿಸಿಕೊಂಡು ಅಲ್ಲೇ ಉಳಿದರು, ಮೆಲ್ಲಗೆ ಬೆರೆತುಹೋದರು. ನ್ಯೂಯಾರ್ಕ್‌ನಲ್ಲಿ ಅವರ ಪರ ಕೋರ್ಟಿನಲ್ಲಿ ವಾದಿಸಿದವರಲ್ಲಿ ಒಬ್ಬರು, ವಾಷಿಂಗ್ಟನ್ ಸೇನೆಯಲ್ಲೇ ಇದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್.

ಈ ಹಳೆಯ ಪ್ರಶ್ನೆ ಇವತ್ತಿಗೂ ಜೀವಂತ. ಫ್ರಾನ್ಸಿನ ಆಳ್ವಿಕೆಯಲ್ಲಿರುವ ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ 2018, 2020 ಮತ್ತು 2021ರಲ್ಲಿ ಸ್ವಾತಂತ್ರ್ಯದ ಬಗ್ಗೆ ಜನಮತ ನಡೆಯಿತು. ಮೂರು ಸಲವೂ ಬೇಡ ಎಂಬ ಉತ್ತರ ಬಂತು. ಕೊನೆಯದನ್ನು ಮೂಲನಿವಾಸಿ ಕನಕ್ ಜನ ಬಹಿಷ್ಕರಿಸಿದರು. ಅಲ್ಲಿ ಹೊರಗಿನಿಂದ ಬಂದು ನೆಲೆಸಿದವರ ಮನಸ್ಸಿನಲ್ಲೂ ಅದೇ ಮಾತಿದೆ. ಪ್ಯಾರಿಸ್ ಕೈ ಬಿಟ್ಟರೆ ನಾಳೆ ನಮ್ಮನ್ನು ಆಳುವವರು ಯಾರು?

ಹ್ಯಾರಿ ವಾಷಿಂಗ್ಟನ್ ಎಂಬವರ ಕಥೆಯೊಂದು ಉಳಿದಿದೆ. ಆಫ್ರಿಕಾದಲ್ಲಿ ಹುಟ್ಟಿ, ಗುಲಾಮರಾಗಿ ಬಂದು, ಮೌಂಟ್ ವೆರ್ನನ್ ಎಂಬ ತೋಟದಲ್ಲಿ ಅದರ ಒಡೆಯ ಜಾರ್ಜ್ ವಾಷಿಂಗ್ಟನ್ ಅವರ ಕುದುರೆ ನೋಡಿಕೊಳ್ಳುತ್ತಿದ್ದವರು. 1776ರಲ್ಲಿ ಓಡಿಹೋಗಿ ಬ್ರಿಟಿಷರನ್ನು ಸೇರಿದರು. 1783ರಲ್ಲಿ ವಾಷಿಂಗ್ಟನ್, ಓಡಿಹೋದ ಗುಲಾಮರನ್ನು ವಾಪಸ್ ಕೊಡಿ ಎಂದು ಬ್ರಿಟಿಷ್ ಸೇನಾಪತಿ ಗೈ ಕಾರ್ಲ್‌ಟನ್ ಅವರನ್ನು ಕೇಳಿದಾಗ, ಕೊಟ್ಟ ಮಾತು ತಪ್ಪಲಾರೆ ಎಂದು ಕಾರ್ಲ್‌ಟನ್ ಹೇಳಿದರು. ನ್ಯೂಯಾರ್ಕ್ ಬಂದರಿನಿಂದ ಹೊರಟ ಸುಮಾರು 3,000 ಕರಿಯರ ಹೆಸರು ಒಂದು ದಫ್ತರದಲ್ಲಿದೆ. ಅದರಲ್ಲಿ ಹ್ಯಾರಿ ಹೆಸರೂ ಇದೆ, ವಯಸ್ಸು 43. ನೋವಾ ಸ್ಕೋಷಿಯಾದಲ್ಲಿ ಒಳ್ಳೆಯ ಭೂಮಿ ಸಿಗಲಿಲ್ಲ, ಬಿಳಿಯ ರಾಜನಿಷ್ಠರೇ ಅವರ ಗುಡಿಸಲುಗಳನ್ನು ಕೆಡವಿದರು. 1792ರಲ್ಲಿ ಸುಮಾರು 1,200 ಜನರ ಜೊತೆ ಹ್ಯಾರಿ ಮತ್ತೆ ಹಡಗು ಹತ್ತಿದರು, ಆಫ್ರಿಕಾದ ಸಿಯೆರಾ ಲಿಯೋನ್‌ಗೆ. ಅಲ್ಲಿ ಆಳುತ್ತಿದ್ದ ಬ್ರಿಟಿಷ್ ಕಂಪನಿ ಅವರ ಭೂಮಿಯ ಮೇಲೆ ಕಂದಾಯ ಹೇರಿತು. ಮಾತು ಕೊಡುವಾಗ ಕಂದಾಯದ ಸುದ್ದಿ ಇರಲಿಲ್ಲ ಎಂದು ಜನ ತಿರುಗಿಬಿದ್ದರು. 1800ರಲ್ಲಿ ನಡೆದ ಆ ಬಂಡಾಯದಲ್ಲಿ ಹ್ಯಾರಿ ವಾಷಿಂಗ್ಟನ್ ಕೂಡ ಇದ್ದರು. ವಿಚಾರಣೆ ಮಾಡಿ ಅವರನ್ನು ನದಿಯಾಚೆಗೆ ಗಡಿಪಾರು ಮಾಡಿದರು.